ಡೇರಿ ಗೋಡೆಯ ಮೇಲಿನ ತಿದ್ದುಪಡಿ

ಸರ್ಕಾರಿ ಪ್ರೌಢಶಾಲೆಗೆ ಹೊಸದಾಗಿ ಬಂದ ಶಿಕ್ಷಕರಿಗೆ ಮೊದಲ ವಾರದಲ್ಲೇ ಒಂದು ಸಂಘ ಗಂಟುಬೀಳುತ್ತದೆ. ಅದನ್ನು ಕೇಳಿ ಪಡೆದವರನ್ನು ನಾನು ಕಂಡಿಲ್ಲ. ವಿಜ್ಞಾನ ಸಂಘ, ಪರಿಸರ ಸಂಘ, ಸಾಹಿತ್ಯ ಸಂಘ ಎಂದು ಹೆಸರುಗಳನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ಹಳಬರು ಅವನ್ನು ತಮ್ಮತಮ್ಮಲ್ಲಿ ಹಂಚಿಕೊಂಡು, ಉಳಿದದ್ದನ್ನು ಕೊನೆಗೆ ಬಂದವರ ಕೈಗೆ ಕೊಡುತ್ತಾರೆ. ನಾನು ಕೆಲಸ ಮಾಡಿದ ಮೂರು ಶಾಲೆಗಳಲ್ಲೂ ಕೊನೆಗೆ ಬಂದವಳು ನಾನೇ. ಹೀಗಾಗಿ ಸಂಘ ನಡೆಸುವುದು ನನ್ನ ವೃತ್ತಿಯ ಅರ್ಧ ಭಾಗವಾಯಿತು. ಈಗ ಆ ಕೆಲಸಕ್ಕೆ ಬರುತ್ತಿರುವವರಿಗೆ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಶಿಕ್ಷಕಿಯಾಗುವ ಮೊದಲು ಚಿಕ್ಕಬಳ್ಳಾಪುರದ ಒಂದು ಸಣ್ಣ ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲವು ವರ್ಷ ಕೂತಿದ್ದೆ. ಅಲ್ಲಿನ ಮುಖ್ಯ ಉಪಸಂಪಾದಕರು ಯಾವ ಸುದ್ದಿ ತಂದರೂ ಎರಡೇ ಪ್ರಶ್ನೆ ಕೇಳುತ್ತಿದ್ದರು. "ಯಾರು ಹೇಳಿದ್ದು? ಇನ್ನ್ಯಾರು ಹೇಳಿದ್ರು?" ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ ಕಾಗದ ಬುಟ್ಟಿಗೆ. ಪಾಠ ಮಾಡುವುದನ್ನು ನಾನು ತರಬೇತಿ ಕಾಲೇಜಿನಲ್ಲಿ ಕಲಿತೆ. ಸಂಘ ನಡೆಸುವುದನ್ನು ಕಲಿತದ್ದು ಆ ಎರಡು ಪ್ರಶ್ನೆಗಳಿಂದ. ಆದರೆ ಅದು ತಕ್ಷಣಕ್ಕೆ ಆಗಲಿಲ್ಲ.

ಮೊದಲ ಶಾಲೆ ಗೌರಿಬಿದನೂರು ತಾಲ್ಲೂಕಿನದು. ನನಗೆ ಸಿಕ್ಕಿದ್ದು ಸಾಹಿತ್ಯ ಸಂಘ. ಎಲ್ಲರೂ ಮಾಡುವಂತೆ ನಾನೂ ಉದ್ಘಾಟನೆ ಇಟ್ಟುಕೊಂಡೆ. ಅತಿಥಿಗಳು ತಡವಾಗಿ ಬಂದರು, ಬಂದವರು ಬಹಳ ಹೊತ್ತು ಮಾತಾಡಿದರು. ಮಕ್ಕಳು ಬಿಸಿಲಲ್ಲಿ ಕೂತು ಕೈಯಿಂದ ನೆತ್ತಿ ಮುಚ್ಚಿಕೊಂಡರು. ಸಂಘದ ಅಧ್ಯಕ್ಷನೆಂದು ನಾವು ಆರಿಸಿದ್ದ ಹುಡುಗ ವಂದನಾರ್ಪಣೆಗೆ ಮೊದಲೇ ಮಾಯವಾಗಿದ್ದ. ಮರುದಿನ ವಿಚಾರಿಸಿದೆ.

"ಟ್ರೈನ್ ಬಂದ್ಬಿಡ್ತು ಮಿಸ್," ಎಂದ. "ಅದು ಬಿಟ್ರೆ ನಡ್ಕೊಂಡೇ ಹೋಗ್ಬೇಕು. ನೀವ್ ಬರ್ತೀರಾ ಜೊತೇಲಿ?"

ಹಿಂದೂಪುರದ ಕಡೆಯ ಹಳ್ಳಿಗಳಿಂದ ಬರುವ ಅರ್ಧ ಮಕ್ಕಳು ಸಂಜೆಯ ರೈಲನ್ನು ನಂಬಿಕೊಂಡವರು. ನಾನು ಸಂಘವನ್ನು ಇಟ್ಟಿದ್ದು ಕೊನೆಯ ಪೀರಿಯಡ್ಡಿಗೆ. ಆ ವರ್ಷ ಸಂಘ ಮತ್ತೆ ಸೇರಲೇ ಇಲ್ಲ. ನಾನು ಕಂಡಂತೆ ಉದ್ಘಾಟನೆಯಾದ ಸಂಘಗಳಲ್ಲಿ ಹೆಚ್ಚಿನವು ಉದ್ಘಾಟನೆಯ ದಿನವೇ ತೀರಿಕೊಳ್ಳುತ್ತವೆ. ಅಂದಿನಿಂದ ಯಾವ ಸಂಘವನ್ನೂ ಉದ್ಘಾಟಿಸಲಿಲ್ಲ, ಸಮಯವನ್ನು ಮಧ್ಯಾಹ್ನದ ಊಟದ ಬೆನ್ನಿಗೆ ಇಟ್ಟುಕೊಂಡೆ.

ಎರಡನೆಯ ಶಾಲೆ ಶಿಡ್ಲಘಟ್ಟ ತಾಲ್ಲೂಕಿನಲ್ಲಿ. ಅಲ್ಲಿ ಗೋಡೆಪತ್ರಿಕೆ ಶುರುಮಾಡಿದೆ. ಮೊದಲ ಸಂಚಿಕೆಗೆ ಮಕ್ಕಳು ತಂದದ್ದು ಮೂರು ಪ್ರಬಂಧ, ಎರಡು ಸೂರ್ಯೋದಯದ ಚಿತ್ರ. ಈ ವಾರ ಊರಲ್ಲಿ ಏನಾಯಿತು ಎಂದು ಕೇಳಿದರೆ ಎಲ್ಲರೂ ಏನೂ ಆಗಿಲ್ಲ ಎಂದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ನಮ್ಮನೆ ಹುಳಾ ನಾಲ್ಕನೇ ಜ್ವರ ಎದ್ದೈತೆ ಮಿಸ್, ನಾಳೆಯಿಂದ ನಾನ್ ಬರಲ್ಲ," ಎಂದಳು. ರೇಷ್ಮೆಹುಳು ನಾಲ್ಕನೆಯ ಬಾರಿ ಪೊರೆ ಕಳಚಿ ಎದ್ದಮೇಲೆ ಹಗಲಿರುಳೂ ಸೊಪ್ಪು ತಿನ್ನುತ್ತದೆ, ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ. ನಾನು ಅದನ್ನೇ ಬರೆಯಲು ಹೇಳಿದೆ. ಯಾರ ಮನೆಯಲ್ಲಿ ಹುಳು ಯಾವ ಹಂತದಲ್ಲಿದೆ, ಎಲ್ಲಿ ಸೊಪ್ಪು ಹೆಚ್ಚಾಗಿ ಮಿಕ್ಕಿದೆ ಎಂಬ ಸುದ್ದಿ ಗೋಡೆಗೆ ಬಂದ ವಾರ, ಮೊದಲ ಬಾರಿಗೆ ದೊಡ್ಡವರು ಶಾಲೆಯ ಕಾಂಪೌಂಡಿನೊಳಗೆ ಬಂದು ನಿಂತು ಓದಿದರು.

ಅಲ್ಲಿನ ಮುಖ್ಯಶಿಕ್ಷಕರು ಒಳ್ಳೆಯವರು. ಪತ್ರಿಕೆಯಲ್ಲಿ ತಮ್ಮ ಫೋಟೋ ಇಲ್ಲ ಎಂಬುದೊಂದೇ ಅವರ ಕೊರಗು. "ಹುಳಾದ ಫೋಟೋ ಹಾಕಿದೀರಿ ಮೇಡಂ," ಎಂದರು ಒಂದು ದಿನ. ಮುಂದಿನ ಸಂಚಿಕೆಯಲ್ಲಿ ಅವರದ್ದನ್ನೂ ಹಾಕಿದೆವು. ಅದಾದಮೇಲೆ ಡ್ರಾಯಿಂಗ್ ಶೀಟು ಕೇಳಿದಾಗಲೆಲ್ಲ ಸಿಕ್ಕಿತು. ಮೇಲಿನವರ ವಿಷಯದಲ್ಲಿ ಇಷ್ಟು ಹೊಂದಾಣಿಕೆ ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಇನ್ನು ಹೇಳಬೇಕಾದ್ದು ಮೂರನೆಯ ಶಾಲೆಯ ಸಂಗತಿ. ನಾನು ನಿವೃತ್ತಳಾದದ್ದು ಅಲ್ಲಿಂದಲೇ. ಚಿಂತಾಮಣಿ ತಾಲ್ಲೂಕಿನಲ್ಲಿ, ಅಂಬಾಜಿದುರ್ಗದ ತಪ್ಪಲಿನ ಒಂದು ಊರು. ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಪತ್ರಿಕೆಯನ್ನು ಶಾಲೆಯೊಳಗೆ ಹಾಕಿದರೆ ದೊಡ್ಡವರು ಬರುವುದು ಯಾವಾಗಲೋ ಒಮ್ಮೆ, ಉಳಿದಂತೆ ಮಕ್ಕಳಷ್ಟೇ ಓದುತ್ತಾರೆ ಎಂದು ಶಿಡ್ಲಘಟ್ಟದಲ್ಲಿ ಗೊತ್ತಾಗಿತ್ತು. ಊರೆಲ್ಲ ದಿನಕ್ಕೆ ಎರಡು ಸಲ ಬಂದು ನಿಲ್ಲುವ ಜಾಗ ಹಾಲಿನ ಡೇರಿ. ಡೇರಿಯ ಅಧ್ಯಕ್ಷ ವೆಂಕಟರವಣಪ್ಪನನ್ನು ಕೇಳಿದೆ. ಊರಾಚೆ ತೋಟದ ಮನೆಯಲ್ಲಿ ಹೆಂಡತಿಯೊಂದಿಗೆ ಇರುವ, ಅರವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಬೀದಿ ಕಡೆಯ ಗೋಡೆ ತೋರಿಸಿ, "ಅಂಟ್ಸ್ಕೊಳ್ಳಿ. ಯಾರ್ನೂ ಬೈಬೇಡಿ," ಎಂದ. ಕರಾರು ಅಷ್ಟೇ.

ಡೇರಿಯ ಕಾರ್ಯದರ್ಶಿ ಮಂಜುನಾಥ. ಹಾಲು ಅಳೆಯುವುದು, ಪರೀಕ್ಷೆ ಮಾಡುವುದು, ವ್ಯಾನಿಗೆ ಹತ್ತಿಸುವುದು ಅವನ ಕೆಲಸ. ಅವನ ಮಗಳು ಶೈಲಜಾ ಒಂಬತ್ತನೇ ತರಗತಿ, ನಮ್ಮ ಸಂಘದ ಸಂಪಾದಕಿ. ಅವಳ ಸಂಪಾದಕತ್ವಕ್ಕೆ ಮಂಜುನಾಥ ಅರೆಮನಸ್ಸಿನಿಂದ ಒಪ್ಪಿದ್ದ. "ನಮ್ ಅಧ್ಯಕ್ಷರಿಗೆ ಏನಾದ್ರೂ ಒಂದ್ ಮಾತು ಬಂದ್ರೆ ಅವತ್ತೇ ನಿಲ್ಲಿಸ್ತೀನಿ ಮೇಡಂ. ನನ್ ಕೆಲ್ಸ ಅವರ ಕೈಲೈತೆ," ಎಂದು ಮೊದಲೇ ಹೇಳಿದ್ದ. ಮಾತಿಗಿಂತ ಬರವಣಿಗೆ ಸಲೀಸಾಗಿ ಬರುತ್ತಿದ್ದ ಹುಡುಗಿ ಅವಳು. ತರಗತಿಯಲ್ಲಿ ಬಾಯಿಬಿಡದವಳು ಸಂಘದಲ್ಲಿ ಹುಡುಗರ ಕಾಗದ ಹಿಂದಕ್ಕೆ ಕೊಟ್ಟು, "ಇನ್ನ್ಯಾರು ಹೇಳಿದ್ರೋ?" ಎಂದು ಗದರುತ್ತಿದ್ದಳು.

ನಮಗೆ ಮೂರು ನಿಯಮಗಳಿದ್ದವು. ಇಬ್ಬರು ಹೇಳದೆ ಬರೆಯಬಾರದು. ಫೋನಿನ ಸ್ಟೇಟಸ್ಸು ಒಬ್ಬರೆಂದು ಲೆಕ್ಕವಲ್ಲ. ತಪ್ಪಾದರೆ ಅದೇ ಗೋಡೆಯಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ತಿದ್ದುಪಡಿ. ಸಾವಿನ ಸುದ್ದಿಗಳು ಮಾತ್ರ ವಾರದ ಸಂಚಿಕೆಗೆ ಕಾಯುವಂತಿರಲಿಲ್ಲ. ಅವನ್ನು ಮಕ್ಕಳೇ ಸಂಜೆ ಸೇರಿ ಒಂದು ಸಣ್ಣ ಹಾಳೆಯಲ್ಲಿ ಬರೆದು ಬೆಳಗಿನ ಹಾಲಿನ ಹೊತ್ತಿಗೆ ಹಾಕುತ್ತಿದ್ದರು. ಊರಿಗೆ ಅದು ಬೇಕಾಗಿತ್ತು, ಯಾಕೆಂದರೆ ಹಾಲು ಹಾಕಿದವರು ಅಲ್ಲಿಂದಲೇ ಹೊಲಕ್ಕೆ ಹೋಗಿಬಿಡುತ್ತಾರೆ.

ಒಂದು ಬುಧವಾರ ನಾನು ಚಿಕ್ಕಬಳ್ಳಾಪುರದಲ್ಲಿ ತರಬೇತಿಯಲ್ಲಿದ್ದೆ. ಅಂದು ಸಂಜೆ ಸಂಘದ ವರದಿಗಾರ ನದೀಮ್ ಸೈಕಲ್ಲಿನಲ್ಲಿ ವೆಂಕಟರವಣಪ್ಪನ ತೋಟದ ಪಕ್ಕ ಹಾದುಹೋಗುತ್ತಿದ್ದ. ಜಗಲಿಯ ಮೇಲೆ ವೆಂಕಟರವಣಪ್ಪನ ಬಾಮೈದ, ಪಕ್ಕದೂರಿನವನು, ತಲೆಯ ಮೇಲೆ ಟವಲು ಹಾಕಿಕೊಂಡು ಗೊಳೋ ಎಂದು ಅಳುತ್ತಿದ್ದ. ನದೀಮ್ ಸೈಕಲ್ ನಿಲ್ಲಿಸಿ ಕೇಳಿದ. "ನಮ್ ಭಾವ ಹೋಗ್ಬಿಟ್ರಪ್ಪಾ," ಎಂದ ಅವನು. ನದೀಮ್ ನಿಯಮ ಮರೆಯಲಿಲ್ಲ. ಹಿತ್ತಲಿಗೆ ಹೋಗಿ ವೆಂಕಟರವಣಪ್ಪನ ಹೆಂಡತಿ ನಾರಾಯಣಮ್ಮನನ್ನು ಕೇಳಿದ. "ಹೂಂ ಕಣಪ್ಪ, ಹೋಗ್ಬಿಟ್ರು. ಎಲ್ರಿಗೂ ಹೇಳ್ಬಿಡು," ಎಂದಳು ಆಕೆ. ಇಬ್ಬರಾದರು. ಸಾವಿನ ಮನೆಯೊಳಗೆ ನುಗ್ಗಬಾರದು ಎಂದು ಅವನು ಹಾಗೇ ಹೊರಟುಬಂದ. ಶೈಲಜಾ ಎರಡು ಪ್ರಶ್ನೆ ಕೇಳಿ, ಉತ್ತರ ಸರಿಯಿದ್ದದ್ದರಿಂದ, ಹಾಳೆ ಬರೆದಳು. ಮಂಜುನಾಥ ಕೆಲಸದ ಮೇಲೆ ಚಿಂತಾಮಣಿಗೆ ಹೋಗಿ ಕೊನೆಯ ಬಸ್ಸಿಗೆ ಬಂದು ಮಲಗಿದ್ದ. ಅವನಿಗೆ ವಿಷಯ ತಿಳಿದದ್ದು ಬೆಳಗ್ಗೆ ಡೇರಿಯ ಬಾಗಿಲು ತೆಗೆಯುವಾಗ, ಮಗಳು ಅಂಟಿಸಿದ ಹಾಳೆಯಿಂದ. ಹಾಲಿನ ವ್ಯಾನು ಯಾರ ಸಾವಿಗೂ ಕಾಯುವುದಿಲ್ಲವಾದ್ದರಿಂದ ಅವನು ಹಾಲು ಅಳೆಯಲು ಕೂತು, ಡೇರಿಯ ಪರವಾಗಿ ಒಂದು ದೊಡ್ಡ ಹಾರ ತರಲು ಒಬ್ಬನನ್ನು ಬೈಕಿನಲ್ಲಿ ಚಿಂತಾಮಣಿಗೆ ಅಟ್ಟಿದ.

ನಡೆದಿದ್ದೇ ಬೇರೆ. ಬುಧವಾರ ಬೆಳಗ್ಗೆ ತೋಟದಲ್ಲಿ ಒಂದು ಕಾಗೆ ಹಾರಿಬಂದು ವೆಂಕಟರವಣಪ್ಪನ ತಲೆಗೆ ಬಡಿದಿತ್ತು. ಕಾಗೆ ತಲೆ ಮುಟ್ಟಿದರೆ ಆಯಸ್ಸಿಗೆ ಕೇಡು. ಅದಕ್ಕೆ ಪರಿಹಾರ, ಆ ಮನುಷ್ಯ ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸುವುದು. ಅವರು ನಿಜವೆಂದೇ ನಂಬಿ ಅಳಬೇಕು. ಅತ್ತಮೇಲೆ ದೋಷ ಹೋಗುತ್ತದೆ, ಆಮೇಲೆ ನಿಜ ಹೇಳಿ ಊಟ ಹಾಕಿ ಕಳಿಸುತ್ತಾರೆ. ನಮ್ಮ ಕಡೆ ಹಳಬರಿಗೆಲ್ಲ ಗೊತ್ತಿರುವ ಪದ್ಧತಿ. ಒಂಬತ್ತನೇ ತರಗತಿಯವರಿಗೆ ಗೊತ್ತಿರಲಿಲ್ಲ. ನಾರಾಯಣಮ್ಮ ಗಂಡನನ್ನು ಒಳಗೆ ಕೂರಿಸಿ, ತಮ್ಮನಿಗೆ ಫೋನ್ ಮಾಡಿದ್ದಳು. ಪರಿಹಾರ ಕೆಡಬಾರದೆಂದು ನದೀಮನಿಗೂ ಅದನ್ನೇ ಹೇಳಿದಳು.

ನಿಯಮ ಪಾಲನೆಯಾಗಿತ್ತು. ಇಬ್ಬರು ಹೇಳಿದ್ದರು. ಆದರೆ ಬಾಮೈದನಿಗೆ ಹೇಳಿದವಳೂ ನಾರಾಯಣಮ್ಮನೇ. ಎರಡು ಬಾಯಿ, ಮೂಲ ಒಂದೇ. ಹೊಸಬರು ಇದೊಂದನ್ನು ಗಮನಿಸಬೇಕು. ಡೆಸ್ಕಿನಲ್ಲಿ ಕೂತಿದ್ದಷ್ಟು ದಿನವೂ ನನಗೆ ಇದು ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

ಗುರುವಾರ ಬೆಳಗ್ಗೆ ಹಾಲಿನ ಸಾಲಿನಲ್ಲಿ ಅಶ್ವತ್ಥಪ್ಪ ನಿಂತಿದ್ದ. ಆತ ವೆಂಕಟರವಣಪ್ಪನ ಒಡಹುಟ್ಟಿದ ತಮ್ಮ. ಬಾವಿಯ ನೀರಿನ ಸರದಿಯ ಮೇಲೆ ಜಗಳವಾಗಿ ಅಣ್ಣತಮ್ಮಂದಿರು ಬಹಳ ವರ್ಷದಿಂದ ಮಾತು ಬಿಟ್ಟಿದ್ದರು. ಹಾಗಾಗಿ ನಾರಾಯಣಮ್ಮ ಅವನಿಗೆ ಸುದ್ದಿ ಕಳಿಸಿರಲೇ ಇಲ್ಲ. ಗೋಡೆ ಓದಿದವನು ಹಾಲಿನ ಕ್ಯಾನನ್ನು ಅಲ್ಲೇ ಬಿಟ್ಟು, ಚಪ್ಪಲಿ ಒಂದು ಕಾಲಿನದು ದಾರಿಯಲ್ಲಿ ಬಿದ್ದರೂ ನೋಡದೆ, ತೋಟದ ಕಡೆ ಓಡಿದ. ಸಾಲಿನಲ್ಲಿದ್ದವರೆಲ್ಲ ನೋಡಿದರು. ಅಲ್ಲಿ ವೆಂಕಟರವಣಪ್ಪ ಹಸು ಕರೆದು ಕೊಟ್ಟಿಗೆಯಿಂದ ಹೊರಗೆ ಬರುತ್ತಿದ್ದ.

"ಇದೀಯಾ?" ಎಂದನಂತೆ ಅಶ್ವತ್ಥಪ್ಪ.

"ಇದೀನಿ. ಏನಾಯ್ತೋ?"

"ಗೋಡೆ ಮೇಲೆ ಹಾಕಿದಾರೆ!"

ಸ್ವಲ್ಪ ಹೊತ್ತಿನಲ್ಲಿ ವೆಂಕಟರವಣಪ್ಪ ಕ್ಯಾನು ಹಿಡಿದು ಡೇರಿಗೆ ಬಂದ, ತಮ್ಮ ಹತ್ತು ಹೆಜ್ಜೆ ಹಿಂದೆ. ಅದೇ ಹೊತ್ತಿಗೆ ಚಿಂತಾಮಣಿಯಿಂದ ಬೈಕೂ ಬಂತು, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ.

"ಯಾರಿಗಪ್ಪ ಹಾರ?" ಎಂದ ವೆಂಕಟರವಣಪ್ಪ.

ಸಾಲಿನಲ್ಲಿ ಯಾರೋ, "ನಿಮಗೇ ಅಣ್ಣಾ, ಬಗ್ಗಿ, ಹಾಕ್ತಾರೆ," ಎಂದರು. ಸಾಲು ನಕ್ಕಿತು. ಸುದ್ದಿ ಕೊಟ್ಟವಳು ನಾರಾಯಣಮ್ಮನೇ ಎಂದು ಶೈಲಜಾ ಹೇಳಿದ್ದಕ್ಕೆ ಇನ್ನೊಬ್ಬ, "ನಾರಾಯಣಕ್ಕ ಸುಳ್ಳು ಹೇಳೋದ್ರಲ್ಲಿ ಪಿಎಚ್‌ಡಿ ಬಿಡಪ್ಪೋ," ಎಂದ. ವೆಂಕಟರವಣಪ್ಪ ನಗಲಿಲ್ಲ. ಹಾಳೆ ಓದಿ, ಕೆಳಗೆ ಬರೆದಿದ್ದ ಸಂಪಾದಕಿಯ ಹೆಸರನ್ನೂ ಓದಿ, "ಹರೀರಿ ಅದನ್ನ," ಎಂದು ಹಾಲು ಹಾಕಿ ಹೊರಟುಹೋದ. ಮಂಜುನಾಥ ಹರಿದ. ಮಗಳಿಗೆ ಅಲ್ಲೇ ಹೇಳಿದ: "ಇವತ್ತಿಂದ ಸ್ಕೂಲ್ ಬಿಟ್ ತಕ್ಷಣ ಮನೆ. ಸಂಘ ಗಿಂಘ ಏನೂ ಬೇಡ."

ಮುಖ್ಯಶಿಕ್ಷಕರು ನನಗೆ ಫೋನ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಶಾಲೆ ತಲುಪಿದೆ. ಅವರ ತೀರ್ಮಾನ ಸಿದ್ಧವಾಗಿತ್ತು. "ಹರಿದಾಯ್ತಲ್ಲ ಮೇಡಂ, ತಿದ್ದುಪಡಿ ಗಿದ್ದುಪಡಿ ಅಂತ ಮತ್ತೆ ಕೆರೀಬೇಡಿ. ಈ ವರ್ಷ ಗಿಡ ನೆಡಿ. ಗಿಡ ಯಾರ್ ಬಗ್ಗೆನೂ ಮಾತಾಡಲ್ಲ."

ನದೀಮ್ ಗೋಡೆಗೆ ಒರಗಿ ನಿಂತಿದ್ದ. ನಾರಾಯಣಮ್ಮ ಮಾತಾಡುವಾಗ ಏನು ಮಾಡುತ್ತಿದ್ದಳು ಎಂದು ಅವನನ್ನು ಕೇಳಿದೆ.

"ಬದ್ನೇಕಾಯಿ ಹೆಚ್ತಿದ್ರು ಮಿಸ್."

"ಅಳ್ತಿದ್ರಾ?"

"ಇಲ್ಲ. ಒಗ್ಗರಣೆ ಹೊತ್ತೋಗುತ್ತೆ ಹೋಗಪ್ಪ ಅಂದ್ರು."

"ಅದನ್ನ ಶೈಲಜಾಗೆ ಹೇಳಿದ್ಯಾ?"

"ನೋಡಿದ್ದು ಬೇರೆ, ಅನ್ಸಿದ್ದು ಬೇರೆ, ಅನ್ಸಿದ್ದು ಹೇಳ್ಬೇಡಿ ಅಂತ ನೀವೇ ಹೇಳಿದ್ರಲ್ಲ ಮಿಸ್."

ಬದನೆಕಾಯಿ ನೋಡಿದ್ದರ ಲೆಕ್ಕಕ್ಕೇ ಬರುತ್ತದೆ ಎಂದು ಅವನಿಗೆ ತಿಳಿಹೇಳಿದೆ.

ಶೈಲಜಾ ಅತ್ತಿರಲಿಲ್ಲ. ತಿದ್ದುಪಡಿ ಹಾಕಲೇಬೇಕು, ಅದಕ್ಕೆ ಮೊದಲು ವೆಂಕಟರವಣಪ್ಪನನ್ನು ಕೇಳಬೇಕು ಎಂಬುದಷ್ಟೇ ಅವಳ ಪಟ್ಟು. ಆಮೇಲೆ ಅಪ್ಪ ಹೇಳಿದಂತೆ ಸಂಘ ಬಿಡುತ್ತೇನೆ ಎಂದಳು. ಬಿಡುತ್ತೇನೆ ಎನ್ನುವಾಗ ಮಾತ್ರ ದನಿ ಬದಲಾಯಿತು. ಮಂಜುನಾಥನಿಗೆ ಫೋನ್ ಮಾಡಿ ಒಪ್ಪಿಗೆ ಪಡೆದು, ಸಂಜೆ ನಾವಿಬ್ಬರೂ ತೋಟಕ್ಕೆ ಹೋದೆವು.

ನಾರಾಯಣಮ್ಮ ನಮ್ಮನ್ನು ಜಗಲಿಯಲ್ಲೇ ಹಿಡಿದಳು. ಅವಳಿಗೆ ಹಾಳೆ ಹರಿದದ್ದೇ ಸಂಕಟ. "ಇನ್ನೆರಡು ದಿನ ಬಿಟ್ಟಿದ್ರೆ ಏನಾಗ್ತಿತ್ತಮ್ಮಾ? ಎಷ್ಟು ಜನ ಅಳ್ತಾರೋ ಅಷ್ಟು ಒಳ್ಳೇದು. ನಮ್ ಅತ್ತಿಗೆ ಇನ್ನೂ ಬಂದೇ ಇಲ್ಲ. ನೀನ್ ಬರ್ದಿದ್ದು ಭೇಷಾಗಿತ್ತಂತೆ, ಇನ್ನೊಂದ್ ಸಲ ಹಾಕ್ಬಿಡು."

"ಅಜ್ಜಿ, ತಾತ ಬದುಕಿದಾರಲ್ಲ!"

"ಅದಕ್ಕೇ ಅಲ್ವೇನೇ ಹಾಕು ಅಂತಿರೋದು. ಸತ್ತಿದ್ರೆ ಯಾಕ್ ಹಾಕ್ಬೇಕಿತ್ತು?"

ವೆಂಕಟರವಣಪ್ಪ ಒಳಗಿನಿಂದ ಬಂದು ಕಂಬಕ್ಕೆ ಒರಗಿ ಕೂತ. ಶೈಲಜಾ ತಾನು ಬಂದ ಕಾರಣ ಹೇಳಿದಳು.

"ಹರಿದ್ರಲ್ಲ, ಮುಗೀತು," ಎಂದ.

"ಕಾಗದ ಹರಿದ್ರೆ ಓದಿದೋರ ತಲೇಲಿರೋದು ಹೋಗುತ್ತಾ ತಾತ?"

ಅವನು ಅವಳನ್ನು ನೋಡಿದ. "ಬೆಳಿಗ್ಗೆ ನಗೋದು ನೋಡ್ದೆ. ನನ್ನ ನೋಡಿ ನಗ್ಲಿ. ನಮ್ಮನೆಯವಳನ್ನ ಸುಳ್ಳಿ ಅಂದ್ರು. ನೀನು ಮತ್ತೆ ಕಾಗೆ ಗೀಗೆ ಅಂತ ಬರ್ದು ಇನ್ನೊಂದ್ ದಿನ ನಗಿಸ್ತೀಯ."

"ಕಾಗೆ ಬರೀದೆ ಇದ್ರೆ ಸುಳ್ಳು ಅಂತಾನೇ ಉಳಿಯುತ್ತೆ ತಾತ. ಯಾಕೆ ಹೇಳಿದ್ರು ಅಂತ ಬರೀಬೇಕು."

ವೆಂಕಟರವಣಪ್ಪ, "ಬರ್ಕೋ. ಆ ಗೋಡೆ ಮೇಲೆ ನಿಮ್ದು ಅದೇ ಕೊನೇದು," ಎಂದು ಎದ್ದು ಕೊಟ್ಟಿಗೆಯ ಕಡೆ ಹೋದ. ಶೈಲಜಾಳ ಪಾಲಿಗೆ ಗೋಡೆ ಹೋಗಿತ್ತು, ಸಂಘ ಹೋಗಿತ್ತು. ಉಳಿದಿದ್ದು ಒಂದು ಹಾಳೆ.

ಅದನ್ನು ಅವಳೇ ಬರೆದಳು. ನಾನು ಒಂದು ಪದವನ್ನೂ ಬದಲಾಯಿಸಲಿಲ್ಲ, ಬದಲಾಯಿಸುವಂಥದ್ದು ಇರಲಿಲ್ಲ. ಶುಕ್ರವಾರ ಮೊದಲ ಬಸ್ಸಿಗೆ ನಾನು ಬರುವಷ್ಟರಲ್ಲಿ ಅದು ಗೋಡೆಯಲ್ಲಿತ್ತು.

"ನಿನ್ನೆ ಇಲ್ಲಿ ಹಾಕಿದ್ದ ಶ್ರೀ ವೆಂಕಟರವಣಪ್ಪನವರ ಸಾವಿನ ಸುದ್ದಿ ತಪ್ಪು. ಅವರು ಆರೋಗ್ಯವಾಗಿದ್ದಾರೆ. ಅವರ ತಲೆಗೆ ಕಾಗೆ ಬಡಿದಿದ್ದರಿಂದ ಅವರು ಬಹಳ ಕಾಲ ಬಾಳಲಿ ಎಂದು ಮನೆಯವರು ಹಾಗೆ ಹೇಳಿಕಳಿಸಿದ್ದರು. ನಾವು ಒಳಗೆ ಹೋಗಿ ನೋಡಬೇಕಿತ್ತು, ನೋಡಲಿಲ್ಲ. ತಪ್ಪು ನಮ್ಮದು. ಸುದ್ದಿ ಓದಿ ಎಲ್ಲರಿಗಿಂತ ಮೊದಲು ತೋಟಕ್ಕೆ ಓಡಿದವರು ಅವರ ತಮ್ಮ ಅಶ್ವತ್ಥಪ್ಪನವರು."

ಸಾಲಿನಲ್ಲಿ ಒಬ್ಬ ಓದಿ ಹೇಳುತ್ತಿದ್ದ, ಓದು ಬಾರದವರಿಗೆ ಇನ್ನೊಬ್ಬಳು ತೆಲುಗಿನಲ್ಲಿ ಹೇಳುತ್ತಿದ್ದಳು. ಹಿಂದಿನ ದಿನ ಸುಳ್ಳಿನ ಪಿಎಚ್‌ಡಿ ಎಂದವನು ಕ್ಯಾನಿನ ಮುಚ್ಚಳ ತಿರುಗಿಸುತ್ತ ನಿಂತ. ಗೇಲಿ ಮಾಡುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ. ಹುಡುಗಿ ಎಲ್ಲವನ್ನೂ ತಾನೇ ಹೇಳಿಬಿಟ್ಟಿದ್ದಳು.

ವೆಂಕಟರವಣಪ್ಪ ಬಂದ. ಕ್ಯಾನು ಕೆಳಗಿಟ್ಟು ಓದಿದ. ಕೊನೆಯ ಸಾಲಿಗೆ ಬಂದು ನಿಂತ, ಮತ್ತೆ ಓದಿದ.

"ಇದನ್ನ ಯಾರ್ ಹೇಳಿದ್ರು ನಿಂಗೆ?"

"ಸಾಲಲ್ಲಿದ್ದೋರು ಎಲ್ರೂ ನೋಡಿದಾರೆ ತಾತ. ಬೇರೆ ಬೇರೆ ಕೇಳ್ದೆ."

"ಬಂದು ಅತ್ತ ಅಂತ ಹಾಕಿಲ್ಲ."

"ಅದು ನೀವೊಬ್ಬರೇ ನೋಡಿರೋದು."

ಸಾಲಿನ ಕೊನೆಯಲ್ಲಿದ್ದ ಅಶ್ವತ್ಥಪ್ಪ ಅಲ್ಲಿಂದಲೇ ಕೂಗಿದ: "ಯಾವನ್ ಅತ್ತಿದ್ದು? ಓಡ್ಬಂದಿದ್ದಕ್ಕೆ ಕಣ್ಣಿಗೆ ಧೂಳು ಬಿದ್ದಿತ್ತು!"

"ಹೂಂ, ಧೂಳು. ಟವಲೆಲ್ಲ ನೆನೆಸೋ ಧೂಳು," ಎಂದ ಅಣ್ಣ, ಅವನ ಕಡೆ ತಿರುಗದೆ. ಎಷ್ಟೋ ವರ್ಷದ ಮೇಲೆ ಆ ಊರು ಅವರಿಬ್ಬರ ಮಾತು ಕೇಳಿದ್ದು ಅದೇ ಮೊದಲು. ಆಮೇಲೆ ಕ್ಯಾನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟ. ಮಂಜುನಾಥ ತಲೆ ತಗ್ಗಿಸಿ ಅಳೆಯುತ್ತಿದ್ದ.

"ಸೆಕ್ರೆಟ್ರೀ, ಗೋಡೆ ಸುಣ್ಣ ಕಂಡು ಬಹಳ ದಿನ ಆಯ್ತು. ಹಿಂಗಿದ್ರೆ ಕಾಗದ ನಿಲ್ಲಲ್ಲ. ಈ ವಾರ ಹೊಡೆಸ್ಬಿಡು."

ಇಷ್ಟು ಹೇಳಿ ಖಾಲಿ ಕ್ಯಾನು ತೆಗೆದುಕೊಂಡು ಹೊರಟ. ತಮ್ಮನ ಪಕ್ಕ ಹಾದುಹೋಗುವಾಗ ನಡಿಗೆ ನಿಧಾನ ಮಾಡಿದ.

ಶೈಲಜಾ ಗೋಡೆಯ ಬಳಿಯೇ ನಿಂತಿದ್ದಳು. ಅಧ್ಯಕ್ಷರು ಗೋಡೆ ಕೊಟ್ಟಿದ್ದರು. ಅಪ್ಪ ಇನ್ನೂ ಏನೂ ಹೇಳಿರಲಿಲ್ಲ. ಮಂಜುನಾಥ ಉಳಿದವರ ಹಾಲು ಅಳೆದ, ವ್ಯಾನಿಗೆ ಹತ್ತಿಸಿದ, ನೆಲ ತೊಳೆದ. ನಾನೂ ಕಾದೆ. ಇಂಥ ಹೊತ್ತಿನಲ್ಲಿ ಶಿಕ್ಷಕಿ ಬಾಯಿಹಾಕಬಾರದು. ಬಾಗಿಲಿಗೆ ಬೀಗ ಹಾಕಿ ಕೈ ಒರೆಸಿಕೊಳ್ಳುತ್ತ ಅವನು ಮಗಳ ಹತ್ತಿರ ಬಂದ, ಹಾಳೆಯ ಒಂದು ಮೂಲೆ ಎದ್ದಿದ್ದನ್ನು ಹೆಬ್ಬೆರಳಿನಿಂದ ಒತ್ತಿದ.

"ಸಂಜೆ ಸಂಘದ ಕೆಲ್ಸ ಲೇಟಾದ್ರೆ ಒಬ್ಳೇ ಬರ್ಬೇಡ ಕಣೇ," ಎಂದ. "ಇಲ್ಗೇ ಬಾ, ಹಾಲು ಮುಗಿಸ್ಕೊಂಡು ಒಟ್ಟಿಗೆ ಹೋಗಣ."